ಆಸ್ಪತ್ರೆಗೆ ಎರಡು ಬಸ್ಸು, ಒಂದು ಹಳ್ಳ

(ಶಿವಮೊಗ್ಗದಲ್ಲಿ ಶುಶ್ರೂಷಾ ಹಾಗೂ ಸಮಾಜಕಾರ್ಯ ವಿದ್ಯಾರ್ಥಿಗಳ ಮುಂದೆ ನಿವೃತ್ತ ಸರ್ಕಾರಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ನಿಮ್ಮ ಮನೆಯಿಂದ ಆಸ್ಪತ್ರೆ ಎಷ್ಟು ದೂರ ಎಂದು ಕೇಳಿದರೆ ನಿಮ್ಮಲ್ಲಿ ಬಹುತೇಕರು ಕಿಲೋಮೀಟರಿನಲ್ಲಿ ಉತ್ತರ ಹೇಳುತ್ತೀರಿ. ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡುತ್ತಿದ್ದಾಗ ನಾನು ಇದೇ ಪ್ರಶ್ನೆಯನ್ನು ರೋಗಿಗಳಿಗೆ ಕೇಳುತ್ತಿದ್ದೆ. ಕಿಲೋಮೀಟರಿನ ಲೆಕ್ಕ ಹೇಳಿದವರು ಕಡಿಮೆ. ‘ಎರಡು ಬಸ್ಸು ಡಾಕ್ಟ್ರೇ’ ಎಂದವರಿದ್ದರು. ‘ಹಳ್ಳ ದಾಟಿದ್ರೆ ಇಲ್ಲೇ, ಮಳೆಗಾಲದಾಗೆ ಮಾತ್ರ ಸುತ್ತಿ ಬರ್ಬೇಕು’ ಎಂದವರಿದ್ದರು. ಒಬ್ಬ ಅಜ್ಜಿಯಂತೂ ‘ಮೊಮ್ಮಗ ಊರಿಗೆ ಬಂದಾಗ ಹತ್ರ, ಇಲ್ದಿದ್ರೆ ದೂರ’ ಎಂದು ಹೇಳಿ ಔಷಧಿ ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಆಸ್ಪತ್ರೆಯ ಕಟ್ಟಡ ಇದ್ದಲ್ಲೇ ಇರುತ್ತದೆ. ಅದರ ದೂರ ಮಾತ್ರ ಮನೆಯಿಂದ ಮನೆಗೆ, ಋತುವಿನಿಂದ ಋತುವಿಗೆ, ಒಂದೇ ಮನೆಯ ಮಗನಿಗೂ ಸೊಸೆಗೂ ಬೇರೆ ಬೇರೆಯಾಗುತ್ತದೆ. ಈ ದೂರವನ್ನು ಹೆಚ್ಚಿಸುವ ಮತ್ತು ಕಡಿಮೆ ಮಾಡುವ ಸಂಗತಿಗಳ ಬಗ್ಗೆ, ನಾನು ಕಂಡಷ್ಟರ ಮಟ್ಟಿಗೆ, ಇವತ್ತು ಮಾತನಾಡುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ನಮ್ಮ ಹೊರರೋಗಿ ವಿಭಾಗದ ರಿಜಿಸ್ಟರಿನಲ್ಲಿ ಬಂದವರ ಹೆಸರು, ವಯಸ್ಸು, ಊರು, ಕಾಯಿಲೆ ಎಲ್ಲವೂ ದಾಖಲಾಗುತ್ತವೆ. ಹೊರಡಲು ಮನಸ್ಸು ಮಾಡಿ ಹೊರಡಲಾಗದೆ ಉಳಿದವರು, ಅರ್ಧ ದಾರಿಯಿಂದ ಹಿಂದಿರುಗಿದವರು, ಒಮ್ಮೆ ಬಂದು ಮತ್ತೆ ಬಾರದವರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ‘ಈ ತಿಂಗಳು ರೋಗಿಗಳು ಕಡಿಮೆ, ಊರಿನ ಆರೋಗ್ಯ ಚೆನ್ನಾಗಿದೆ’ ಎಂದು ನಾನೇ ಒಮ್ಮೆ ಜುಲೈ ತಿಂಗಳ ವರದಿಯ ಸಭೆಯಲ್ಲಿ ಹೇಳಿದ್ದೆ. ಆ ತಿಂಗಳು ಎರಡು ಕಾಲುಸಂಕಗಳು ಕೊಚ್ಚಿಹೋಗಿದ್ದವು ಎಂಬುದು ನನಗೆ ತಿಳಿದದ್ದು ಆಮೇಲೆ.

ಶರಾವತಿ ಹಿನ್ನೀರಿನಿಂದ ಆರಂಭಿಸೋಣ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಕರೂರು, ಬಾರಂಗಿ ಹೋಬಳಿಗಳ ಊರುಗಳು ಸಾಗರ ಪೇಟೆಯಿಂದ ನೀರಿನ ಆಚೆ ಉಳಿದವು. ನಾಡಿಗೆಲ್ಲ ವಿದ್ಯುತ್ತು ಕೊಟ್ಟ ನೀರು ಅದು. ಅದರ ಆಚೆ ಇದ್ದವರಿಗೆ ಆಸ್ಪತ್ರೆಗೆ ಹೋಗಲು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಲಾಂಚೇ ದಾರಿಯಾಯಿತು. ಹಗಲು ಲಾಂಚಿಗೆ ಕಾಯಬೇಕು, ಸಂಜೆಯ ಕೊನೆಯ ಸುತ್ತು ಮುಗಿದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆ ನೋವು ಬಂದರೆ ಒಂದೋ ಲಾಂಚಿನ ಸಿಬ್ಬಂದಿಯನ್ನು ಎಬ್ಬಿಸಿ ಕರೆತರಬೇಕು, ಇಲ್ಲವೇ ಕಾಡಿನ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರು ಸುತ್ತಿ ಸಾಗರ ಸೇರಬೇಕು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಅಂದರೆ ಆಂಬುಲೆನ್ಸಿನ ಪಾಲಿಗೆ ಹೆಚ್ಚು ನೀರೂ ತೊಂದರೆ, ಕಡಿಮೆ ನೀರೂ ತೊಂದರೆ. 2025ರ ಜುಲೈ 14ರಂದು ಅಲ್ಲಿ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಪತ್ರಿಕೆಗಳು ಸಿಗಂದೂರಿಗೆ ಹೋಗುವ ಭಕ್ತರ ಅನುಕೂಲದ ಬಗ್ಗೆ, ತೂಗು ಹಗ್ಗಗಳ ಚೆಲುವಿನ ಬಗ್ಗೆ ಬರೆದವು. ತಪ್ಪೇನಿಲ್ಲ, ನೋಡಲು ಚೆನ್ನಾಗಿಯೇ ಇದೆ. ಆದರೆ ನನ್ನಂಥವನ ಕಣ್ಣಿಗೆ ಅದು ಈ ಜಿಲ್ಲೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಆದ ಅತಿ ದೊಡ್ಡ ಆರೋಗ್ಯ ಕಾರ್ಯಕ್ರಮ. ಅದನ್ನು ಕಟ್ಟಿಸಿದ್ದು ಆರೋಗ್ಯ ಇಲಾಖೆಯಲ್ಲ ಎಂಬುದನ್ನು ಗಮನಿಸಿ. ರೋಗಿಯ ದಾರಿ ಸುಗಮ ಮಾಡುವ ಎಷ್ಟೋ ಕೆಲಸಗಳು ಲೋಕೋಪಯೋಗಿ, ಸಾರಿಗೆ, ಅರಣ್ಯ, ಕಂದಾಯ ಇಲಾಖೆಗಳ ಕಡತಗಳಲ್ಲಿ ಇರುತ್ತವೆ.

ಸೇತುವೆ ಬಂದ ಮೇಲೆ ಎಲ್ಲವೂ ಮುಗಿಯಿತೆ ಎಂದು ಕೇಳಿದರೆ, ಇಲ್ಲ. ಆ ಭಾಗದ ಮನೆಗಳು ಹಳ್ಳಿಯಂತೆ ಒಂದೆಡೆ ಗುಂಪಾಗಿಲ್ಲ; ಒಂದು ತೋಟಕ್ಕೊಂದು ಮನೆ, ನಡುವೆ ಗುಡ್ಡ, ಹಳ್ಳ. ಡಾಂಬರು ರಸ್ತೆಯಿಂದ ಮನೆಯಂಗಳದವರೆಗಿನ ಒಂದೆರಡು ಕಿಲೋಮೀಟರನ್ನು ಕಂಬಳಿಯ ಜೋಲಿಯಲ್ಲಿ ಮಲಗಿಸಿ, ಗಳಕ್ಕೆ ಕಟ್ಟಿ, ನಾಲ್ಕು ಜನ ಹೊತ್ತು ದಾಟಿಸುವ ಪರಿಸ್ಥಿತಿ ಮಲೆನಾಡಿನ ಒಳಭಾಗಗಳಲ್ಲಿ ಇನ್ನೂ ಇದೆ. ಮುಳುಗಡೆಯಾಗಿ ಬಂದು ಕಾಡಿನಂಚಿನಲ್ಲಿ ನೆಲೆಸಿದ ಎಷ್ಟೋ ಕುಟುಂಬಗಳಿಗೆ ನೆಲದ ಹಕ್ಕುಪತ್ರವೇ ಆಗಿಲ್ಲ. ಹಕ್ಕುಪತ್ರವಿಲ್ಲದ ಕಡೆ ರಸ್ತೆ ಮಾಡುವುದಕ್ಕೆ ಅನುಮತಿಯ ತೊಡಕು, ರಸ್ತೆಯಿಲ್ಲದ ಕಡೆಗೆ ಆಂಬುಲೆನ್ಸ್ ಬಾರದು. ಹೊತ್ತು ತರಲು ನಾಲ್ಕು ಜನ ಗಟ್ಟಿಮುಟ್ಟಾದವರು ಈಗ ಊರಲ್ಲಿ ಸಿಗುತ್ತಾರೆಯೇ ಎಂಬುದು ಮತ್ತೊಂದು ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪಠ್ಯದಲ್ಲಿ ಇರುವ ಎರಡು ಚೌಕಟ್ಟುಗಳನ್ನು ಇಲ್ಲಿ ಬೇಗನೆ ನೆನಪಿಸುತ್ತೇನೆ. ತಾಯಂದಿರ ಮರಣದ ಬಗ್ಗೆ ಥ್ಯಾಡಿಯಸ್ ಮತ್ತು ಮೇಯ್ನ್ ಎಂಬವರು 1994ರಲ್ಲಿ ಮೂರು ತಡಗಳ ಮಾತು ಹೇಳಿದರು: ಹೋಗಬೇಕೆಂದು ತೀರ್ಮಾನಿಸುವುದರಲ್ಲಿ ಆಗುವ ತಡ, ದಾರಿಯಲ್ಲಿ ಆಗುವ ತಡ, ಆಸ್ಪತ್ರೆ ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ಆಗುವ ತಡ. ಅದಕ್ಕೂ ಮೊದಲು, 1981ರಲ್ಲಿ, ಪೆಂಚಾನ್‌ಸ್ಕಿ ಮತ್ತು ಥಾಮಸ್ ಎಂಬವರು ರೋಗಿಗೂ ಆರೋಗ್ಯ ವ್ಯವಸ್ಥೆಗೂ ಇರುವ ನಂಟನ್ನು ಐದು ಬಗೆಯಾಗಿ ನೋಡಿದರು: ಸೇವೆ ಇದೆಯೇ, ತಲುಪಲಾಗುತ್ತದೆಯೇ, ಖರ್ಚು ತಡೆದೀತೇ, ಮನಸ್ಸಿಗೆ ಒಗ್ಗುತ್ತದೆಯೇ, ಮತ್ತು ಸೇವೆ ಕೊಡುವ ಕ್ರಮ ರೋಗಿಯ ದಿನಚರಿಗೆ ಹೊಂದುತ್ತದೆಯೇ. ಪರೀಕ್ಷೆಯಲ್ಲಿ ಐದನ್ನೂ ಬರೆಯಿರಿ. ಕೊನೆಯದರ ಬಗ್ಗೆ, ಅಂದರೆ ಹೊಂದಿಕೆಯ ಬಗ್ಗೆ, ನಮ್ಮಲ್ಲಿ ಯೋಚಿಸಿದವರು ಕಡಿಮೆಯಾದ್ದರಿಂದ ನಾನು ಅಲ್ಲೇ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೆ ಹೊರರೋಗಿ ವಿಭಾಗ ತೆರೆಯುತ್ತದೆ ಎಂದುಕೊಳ್ಳಿ. ಒಳಊರಿನಿಂದ ಬರುವ ಬಸ್ಸು ಹತ್ತೂವರೆಗೆ ಮುಟ್ಟುತ್ತದೆ. ಆ ಹೊತ್ತಿಗೆ ಪೇಟೆಯವರ ಸಾಲು ಉದ್ದವಾಗಿರುತ್ತದೆ. ನಮ್ಮ ರೋಗಿ ಚೀಟಿ ಮಾಡಿಸಿ ವೈದ್ಯರ ಮುಂದೆ ಕೂರುವಾಗ ಹನ್ನೆರಡು. ವೈದ್ಯರು ರಕ್ತಪರೀಕ್ಷೆ ಬರೆಯುತ್ತಾರೆ. ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕಾದ ಪರೀಕ್ಷೆಯಾದರೆ, ಮುಂಜಾನೆ ಐದಕ್ಕೆ ಗಂಜಿ ಉಂಡು ಹೊರಟವರಿಗೆ ‘ನಾಳೆ ಬನ್ನಿ’ ಎನ್ನಬೇಕಾಗುತ್ತದೆ. ಬೇರೆ ಪರೀಕ್ಷೆಯಾದರೆ ವರದಿ ಮೂರು ಗಂಟೆಗೆ, ವೈದ್ಯರು ಮತ್ತೆ ಕುಳಿತುಕೊಳ್ಳುವುದು ನಾಲ್ಕಕ್ಕೆ, ಊರಿನ ಕೊನೆಯ ಬಸ್ಸು ಹೊರಡುವುದು ಮೂರೂಮುಕ್ಕಾಲಿಗೆ. ವರದಿ ತೋರಿಸದೆ ಬಸ್ಸು ಹತ್ತಿದ ಆ ರೋಗಿಯನ್ನು ನಾವು ಕಡತದಲ್ಲಿ ‘ಚಿಕಿತ್ಸೆ ಮುಂದುವರಿಸಲಿಲ್ಲ’ ಎಂದು ಬರೆದುಕೊಳ್ಳುತ್ತೇವೆ. ಇಲ್ಲಿ ವೈದ್ಯರು ಇದ್ದರು, ಪ್ರಯೋಗಾಲಯ ಇತ್ತು, ಔಷಧಿ ಇತ್ತು, ರೋಗಿಗೂ ಮನಸ್ಸಿತ್ತು. ಕಾಲು ಗಂಟೆ ಹೊಂದಲಿಲ್ಲ, ಅಷ್ಟೆ.

ನಾನು ಇದ್ದ ಒಂದು ಕೇಂದ್ರದಲ್ಲಿ ಇದಕ್ಕೊಂದು ಸಣ್ಣ ಉಪಾಯ ಮಾಡಿದೆವು. ಚೀಟಿ ಬರೆಯುವಾಗಲೇ ‘ವಾಪಸ್ ಯಾವ ಬಸ್ಸಿಗೆ?’ ಎಂದು ಕೇಳಿ, ಚೀಟಿಯ ಮೂಲೆಯಲ್ಲಿ ಸಮಯ ಗುರುತು ಹಾಕುವುದು. ಬೇಗ ಹೊರಡುವವರನ್ನು ಮೊದಲು ನೋಡುವುದು. ಪೇಟೆಯ ಹಿರಿಯರೊಬ್ಬರು, ‘ಮೊದಲು ಬಂದವರು ನಾವು, ಇದೆಂಥ ನ್ಯಾಯ’ ಎಂದು ಜಗಳವಾಡಿದರು. ಅವರ ಮಾತಿನಲ್ಲೂ ಹುರುಳಿತ್ತು. ಆದರೆ ಅವರ ಮನೆ ಆಸ್ಪತ್ರೆಯ ಬೇಲಿಯಾಚೆ ಇತ್ತು.

ಬಸ್ಸಿನ ಮಾತು ಬಂದದ್ದರಿಂದ ಶಕ್ತಿ ಯೋಜನೆಯನ್ನೂ ಹೇಳಬೇಕು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ಆಸ್ಪತ್ರೆಯ ದೃಷ್ಟಿಯಿಂದ ಇದರ ಲಾಭ ದೊಡ್ಡದು, ಏಕೆಂದರೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹೆಂಗಸಿಗೆ ಆಸ್ಪತ್ರೆಗೆ ಹೋಗಲು ಅಡ್ಡ ಬರುತ್ತಿದ್ದದ್ದು ಚಿಕಿತ್ಸೆಯ ಖರ್ಚಿಗಿಂತ ಬಸ್ ಚಾರ್ಜಿಗಾಗಿ ಮನೆಯವರ ಮುಂದೆ ಕೈಚಾಚಬೇಕಾದ ಮುಜುಗರ. ಆದರೆ ನಮ್ಮ ಜಿಲ್ಲೆಯ ಒಳದಾರಿಗಳಲ್ಲಿ ಮೊದಲಿನಿಂದಲೂ ಓಡುತ್ತಿರುವುದು ಬಹುಪಾಲು ಖಾಸಗಿ ಬಸ್ಸು. ಯೋಜನೆ ಅಲ್ಲಿಗೆ ಅನ್ವಯಿಸುವುದಿಲ್ಲ. ಬಯಲುಸೀಮೆಯ ಹೆಣ್ಣುಮಗಳಿಗೆ ತೆರೆದ ಬಾಗಿಲು ಹೊಸನಗರದ ಒಳಊರಿನ ಹೆಣ್ಣುಮಗಳಿಗೆ ಅಷ್ಟೇ ಅಗಲವಾಗಿ ತೆರೆದಿಲ್ಲ ಎಂದಾಯಿತು. ಯೋಜನೆ ಒಂದೇ ಆದರೂ ನೆಲ ಬೇರೆಯಾದರೆ ಫಲ ಬೇರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗೆಂದು ಖಾಸಗಿ ಬಸ್ಸುಗಳನ್ನು ನಾನು ದೂರುವವನಲ್ಲ. ಸ್ವಲ್ಪ ದಾರಿ ಬಿಟ್ಟು ಹೇಳುತ್ತೇನೆ, ಕ್ಷಮಿಸಿ. ನಮ್ಮ ಕಡೆಯ ಬಸ್ಸು ಜನರನ್ನು ಮಾತ್ರ ಸಾಗಿಸುವುದಿಲ್ಲ. ದಿನಪತ್ರಿಕೆ, ಪಂಪಿನ ಬಿಡಿಭಾಗ, ಮದುವೆಯ ಕರೆಯೋಲೆ, ಜೊತೆಗೆ ಔಷಧಿ ಕೂಡ. ಪೇಟೆಯ ಔಷಧಿ ಅಂಗಡಿಯವರು ಪೊಟ್ಟಣದ ಮೇಲೆ ಊರು, ಮನೆಯ ಹೆಸರು ಬರೆದು ಕಂಡಕ್ಟರ ಕೈಗೆ ಕೊಟ್ಟರೆ ಅದು ಸಂಜೆ ಮೋರಿಕಟ್ಟೆಯ ಮೇಲೆ ಕಾದು ಕುಳಿತವರ ಕೈ ಸೇರುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂರ್ಛೆರೋಗದ ಗುಳಿಗೆಗಳನ್ನು ತಪ್ಪದೆ ನುಂಗಿದ ನನ್ನ ಎಷ್ಟೋ ರೋಗಿಗಳ ಹಿಂದೆ ಹೆಸರಿಲ್ಲದ ಕಂಡಕ್ಟರುಗಳು ಇದ್ದಾರೆ. ಕೊಪ್ಪದ ಸಹಕಾರ ಸಾರಿಗೆ ನಿಂತುಹೋದಾಗ ಪ್ರಯಾಣಿಕರಿಗೆ ಆದ ಕಷ್ಟದ ಬಗ್ಗೆ ಬಹಳ ಮಂದಿ ಮಾತನಾಡಿದರು. ಅಂಥ ಬಸ್ಸೊಂದು ನಿಂತಾಗ ಔಷಧಿಯ ಪೊಟ್ಟಣವೂ ನಿಲ್ಲುತ್ತದೆ. ಅದರ ಲೆಕ್ಕ ಯಾರೂ ಇಡುವುದಿಲ್ಲ.

ಈಗ ಹಣದ ವಿಷಯ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ ಎಂದು ನಾವು ಹೇಳುತ್ತೇವೆ. ಡಯಾಲಿಸಿಸನ್ನೇ ತೆಗೆದುಕೊಳ್ಳಿ, 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಈ ಸೇವೆ ತಾಲ್ಲೂಕು ಆಸ್ಪತ್ರೆಗಳವರೆಗೂ ಬಂದಿದೆ, ಅದು ನಿಜವಾಗಿಯೂ ಉಪಕಾರ. ಒಬ್ಬ ರೋಗಿಗೆ ವಾರಕ್ಕೆ ಎರಡು ಸಲವೆಂದರೆ ವರ್ಷಕ್ಕೆ 104 ಸಲ. ಒಂದೊಂದು ಸಲವೂ ಯಂತ್ರದ ಮುಂದೆ ಸುಮಾರು ನಾಲ್ಕು ಗಂಟೆ. ಹೋಗಿ ಬರುವುದು ಸೇರಿ ಒಂದು ದಿನ. ಮುಗಿದ ಮೇಲೆ ಸುಸ್ತು ಇರುವುದರಿಂದ ಜೊತೆಗೊಬ್ಬರು ಬೇಕು, ಆ ಜೊತೆಗಾರರ ಕೂಲಿಯೂ ಹೋಯಿತು. ದಿನದ ಕೂಲಿ 500 ರೂಪಾಯಿ ಎಂದಿಟ್ಟುಕೊಂಡರೆ ಜೊತೆಗಾರರೊಬ್ಬರದೇ ವರ್ಷಕ್ಕೆ 52,000 ರೂಪಾಯಿ. ಬಸ್ಸು, ಆಟೊ, ಹೋಟೆಲಿನ ಊಟ ಇದರಲ್ಲಿ ಸೇರಿಲ್ಲ. ಯಂತ್ರದ ಬಳಿ ಒಂದು ರೂಪಾಯಿ ಪಡೆಯದ ಚಿಕಿತ್ಸೆಗೆ ಒಂದು ಕುಟುಂಬ ಇಷ್ಟು ತೆರುತ್ತದೆ. ಒಂದು ವರ್ಷದ ನಂತರ ವಾರಕ್ಕೆ ಎರಡಿದ್ದದ್ದು ಒಂದಾಗುತ್ತದೆ. ‘ಈಗ ಆರಾಮಿದೀನಿ, ಒಂದು ಸಾಕು’ ಎಂದು ರೋಗಿಯೇ ಹೇಳತೊಡಗುತ್ತಾನೆ. ಆ ಮಾತನ್ನು ನಂಬಬೇಡಿ. ಕಾಲಿನ ಬಾವು ನೋಡಿ.

ದೊಡ್ಡ ಕಾಯಿಲೆಗಳಿಗೆ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇಕಡಾ 30ರಂತೆ ಒಂದೂವರೆ ಲಕ್ಷದವರೆಗೆ. ಇದಕ್ಕೂ ಹಿಂದೆ, 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಆರಂಭವಾದಾಗ ಮಲೆನಾಡಿನ ಸೊಸೈಟಿಗಳು ಅದನ್ನು ಮನೆಮನೆಗೆ ಮುಟ್ಟಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೊಬ್ಬರ ತರಲು ಹೋದವನು ಅದೇ ಕಟ್ಟೆಯ ಮೇಲೆ ಕಾರ್ಯದರ್ಶಿಯಿಂದ ಕಾರ್ಡಿನ ವಿಷಯವನ್ನೂ ತಿಳಿದುಕೊಂಡು ಬರುತ್ತಿದ್ದ. ಪರಿಚಯದ ಮನುಷ್ಯ, ಪರಿಚಯದ ಜಾಗ, ತನ್ನದೇ ಮಾತು. ಇವತ್ತಿನ ಕಾರ್ಡಿಗೆ ಆಧಾರ್ ಹೆಸರು ರೇಷನ್ ಕಾರ್ಡಿನ ಹೆಸರಿಗೆ ತಾಳೆಯಾಗಬೇಕು, ಮೊಬೈಲಿಗೆ ಒಟಿಪಿ ಬರಬೇಕು. ‘ಗಿರಿಜಮ್ಮ’ ಒಂದರಲ್ಲಿ, ‘ಗಿರಿಜಾ’ ಇನ್ನೊಂದರಲ್ಲಿ. ಒಟಿಪಿ ಬರುವುದು ಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ. ಕಂಪ್ಯೂಟರು ಇರುವುದು ಪೇಟೆಯಲ್ಲಿ. ಆ ನಂಬರಿನ ಮೊಬೈಲು ಬೆಂಗಳೂರಿನಲ್ಲಿರುವ ಮಗನ ಜೇಬಿನಲ್ಲಿ. ತುರ್ತು ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಿಲ್ಲ ಎಂಬುದು ನಿಯಮದಲ್ಲೇ ಇದೆ. ಅದು ರೋಗಿಯ ಕಡೆಯವರಿಗೆ ತಿಳಿದಿರುವುದಿಲ್ಲ. ನಿಮ್ಮಲ್ಲಿ ಸಮಾಜಕಾರ್ಯ ಓದುತ್ತಿರುವವರಿಗೆ ಮೊದಲ ಕೆಲಸ ಇಲ್ಲೇ ಸಿಗುತ್ತದೆ.

ನೆಟ್‌ವರ್ಕ್ ಇಲ್ಲದಿರುವುದನ್ನು ನಾವು ಹಾಸ್ಯದ ವಿಷಯ ಮಾಡಿಕೊಂಡಿದ್ದೇವೆ. 108 ಆಂಬುಲೆನ್ಸ್ ಈ ರಾಜ್ಯದಲ್ಲಿ 2008ರಲ್ಲಿ ಆರಂಭವಾಯಿತು. ಅದನ್ನು ಕರೆಯಲು ಮೊದಲು ಸಿಗ್ನಲ್ ಇರುವ ಬಂಡೆಯವರೆಗೆ ಯಾರಾದರೂ ಓಡಬೇಕು. ಮನೆಯಲ್ಲಿ ಇರುವುದು ಇಬ್ಬರೇ ಎಂದುಕೊಳ್ಳಿ, ಒಬ್ಬರು ಕುಸಿದು ಬಿದ್ದಿದ್ದಾರೆ. ಅವರನ್ನು ಬಿಟ್ಟು ಗುಡ್ಡ ಹತ್ತಬೇಕೇ, ಜೊತೆಗೆ ಕೂರಬೇಕೇ?

ಹೊತ್ತು ತರಲು ಊರಲ್ಲಿ ಜನ ಸಿಗುತ್ತಾರೆಯೇ ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ ಎಂದಿದ್ದೆ. ಇಬ್ಬರೇ ಇರುವ ಇಂಥ ಮನೆಗಳೇ ಅದಕ್ಕೆ ಉತ್ತರ. ಬಡವರಿಗೆ ಮಾತ್ರ ಅಡ್ಡಿಗಳಿರುತ್ತವೆ ಎಂದು ತಿಳಿಯಬೇಡಿ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಮನೆಗೆ ನಾನು ಹೋಗುತ್ತಿದ್ದೆ. ಅಂಗಳದ ತುಂಬ ಅಡಿಕೆ, ಕೊಟ್ಟಿಗೆಯ ಪಕ್ಕದಲ್ಲಿ ಹೊಸ ಕಾರು. ಮಕ್ಕಳಿಬ್ಬರೂ ಬೆಂಗಳೂರು ಸೇರಿದ್ದಾರೆ. ಯಜಮಾನರಿಗೆ ಕಣ್ಣಿನ ಪೊರೆ, ಕಾರು ಬಿಡುವಂತಿಲ್ಲ. ಹೆಂಡತಿಗೆ ಕಾರು ಬಿಡಲು ಬಾರದು. ಮೊದಲು ಪಕ್ಕದ ಮನೆಯ ಹುಡುಗ ಬರುತ್ತಿದ್ದ, ಅವನೂ ಹೋದ. ಕಣ್ಣಿನ ಪೊರೆ ತೆಗೆಸಲು ಕಾರು ಬೇಕು, ಕಾರು ಬಿಡಲು ಕಣ್ಣು ಬೇಕು ಎಂದು ಅವರೇ ನಗುತ್ತಿದ್ದರು. ದುಡ್ಡಿದೆ, ವಾಹನವಿದೆ, ತಿಳಿವಳಿಕೆಯಿದೆ, ಜೊತೆಗೆ ಜನವಿಲ್ಲ. ಮಲೆನಾಡಿನ ಊರುಗಳಲ್ಲಿ ಈ ಅಡ್ಡಿ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ, ಯಾವ ಯೋಜನೆಯ ಪಟ್ಟಿಯಲ್ಲೂ ಅದಕ್ಕೊಂದು ಕಲಂ ಇಲ್ಲ.

ಇನ್ನು ಋತುವಿನ ಮಾತು. ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮವರು ಹೇಳುವ ಮಂಗನ ಕಾಯಿಲೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟಿತು. ಉಣುಗು ಕಚ್ಚಿ ಮೂರರಿಂದ ಎಂಟು ದಿನಗಳಲ್ಲಿ ಜ್ವರ, ತಲೆ ಸಿಡಿಯುವ ನೋವು, ಮೈಕೈ ನೋವು. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರ ಆರಾಮಿದ್ದು ಮತ್ತೆ ಮರುಕಳಿಸಿ ಮಿದುಳಿಗೆ ತಾಗುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ. ಆ ತಿಂಗಳುಗಳಲ್ಲಿ ಊರಿನಲ್ಲಿ ಏನು ನಡೆಯುತ್ತಿರುತ್ತದೆ? ಅಡಿಕೆ ಗೊನೆಯ ಕೊಯ್ಲು, ಸುಲಿಯುವುದು, ಬೇಯಿಸುವುದು, ಆಮೇಲೆ ಕೊಟ್ಟಿಗೆಗೆ ತರಗೆಲೆ ಗುಡಿಸಿ ತರುವುದು. ವರ್ಷದ ಕೂಲಿಯ ದೊಡ್ಡ ಪಾಲು ದುಡಿಯುವುದು ಆಗಲೇ, ಕಾಡಿಗೆ ಹೋಗುವುದೂ ಆಗಲೇ. ಮೊದಲ ದಿನದ ಜ್ವರಕ್ಕೆ ಅಂಗಡಿಯ ಗುಳಿಗೆ ನುಂಗಿ ಕೆಲಸಕ್ಕೆ ಹೋದವನನ್ನು ದಡ್ಡ ಎನ್ನುವ ಮೊದಲು ಇದನ್ನು ನೆನೆಯಿರಿ. ಈ ರೋಗಕ್ಕೆ ನೇರ ಔಷಧಿಯಿಲ್ಲ. ಮೊದಲ ದಿನಗಳಲ್ಲೇ ದಾಖಲಾಗಿ, ರಕ್ತಸ್ರಾವವನ್ನೂ ನೀರಿನಂಶವನ್ನೂ ನೋಡಿಕೊಂಡರೆ ಬಹುಪಾಲು ಜನ ಬದುಕುತ್ತಾರೆ. ಆದ್ದರಿಂದ ಇಲ್ಲಿ ತಡವೇ ದೊಡ್ಡ ಅಪಾಯ.

2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆ ಹಲವರ ಪ್ರಾಣ ತೆಗೆಯಿತು. ಆಗ ರೋಗಿಗಳನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಸಾಗಿಸಿದರು. ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸಿತು. ಅದು ಜನರಿಗೆ ದೊಡ್ಡ ಆಸರೆಯಾಯಿತು, ನಿಜ. ಆದರೆ ದನಕರು, ತೋಟ, ಚಿಕ್ಕ ಮಕ್ಕಳನ್ನು ನೆರೆಮನೆಗೆ ಒಪ್ಪಿಸಿ ಭಾಷೆ, ಹವೆ ಬೇರೆಯಾದ ಊರಿನಲ್ಲಿ ಹತ್ತು ಹದಿನೈದು ದಿನ ಕಾಯ್ದು ಕೂತವರ ಪಾಡನ್ನು ಆ ಬಿಲ್ಲು ಹೇಳುವುದಿಲ್ಲ. ಇದಕ್ಕೆ ಹೋಲಿಸಿದರೆ ರಕ್ತದ ಮಾದರಿಯನ್ನು ಊರಲ್ಲೇ ತೆಗೆದು ಶಿವಮೊಗ್ಗದ ವೈರಾಣು ಪ್ರಯೋಗಾಲಯಕ್ಕೆ ಕಳಿಸುವ ಕ್ರಮ ಎಷ್ಟೋ ಮೇಲು, ಏಕೆಂದರೆ ಅಲ್ಲಿ ಪ್ರಯಾಣ ಮಾಡುವುದು ಒಂದು ಸೀಸೆ, ಜ್ವರದ ಮನುಷ್ಯನಲ್ಲ.

ಇದೇ ಕಾಯಿಲೆಯ ಲಸಿಕೆಯ ಕತೆಯನ್ನೂ ಸ್ವಲ್ಪ ಕೇಳಿ. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆಮೇಲೆ ಐದು ವರ್ಷ ವರ್ಷಕ್ಕೊಂದರಂತೆ. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು. ಕೈ ಎತ್ತಲಾಗದೆ ಕೂಲಿ ತಪ್ಪಿದವರು ಎರಡನೆಯ ಸಲ ನಮ್ಮ ಜೀಪು ಕಂಡೊಡನೆ ತೋಟಕ್ಕೆ ಇಳಿದುಬಿಡುತ್ತಿದ್ದರು. ‘ಜನ ಸಹಕರಿಸುತ್ತಿಲ್ಲ’ ಎಂದು ನಾವು ವರದಿ ಬರೆದೆವು. ಮುಂದೆ ಆ ಲಸಿಕೆಯ ಪರಿಣಾಮವೇ ಸಾಲದೆಂದು ಕಂಡುಬಂದು ಅದನ್ನು ಕೊಡುವುದು ನಿಂತಿತು. ಜನರ ಹಿಂಜರಿಕೆಯಲ್ಲಿ ಅನುಭವದ ಪಾಲೂ ಇರುತ್ತದೆ. ಅದನ್ನು ಅಜ್ಞಾನ ಎಂದು ಬರೆದುಕೊಳ್ಳಲು ನಾವು ಬಹಳ ಆತುರಪಡುತ್ತೇವೆ.

ಸಾಗರ ತಾಲ್ಲೂಕಿನದೇ ಇನ್ನೊಂದು ಉದಾಹರಣೆ ಹಂದಿಗೋಡು ಕಾಯಿಲೆ. 1970ರ ದಶಕದಲ್ಲಿ ಹಂದಿಗೋಡಿನಲ್ಲಿ ಗಮನಕ್ಕೆ ಬಂದ, ವಂಶದಲ್ಲಿ ಹರಿದುಬರುವ, ಕೀಲು ಮತ್ತು ಮೂಳೆಗಳ ರೋಗ. ಸೊಂಟ, ಮಂಡಿ ಸವೆದು ನಡೆಯುವುದೇ ಕಷ್ಟವಾಗುತ್ತದೆ. ಇದಕ್ಕೆ ತುತ್ತಾದವರು ಬಹುಪಾಲು ಬಡ ದಲಿತ ಕುಟುಂಬಗಳವರು. ಅರ್ಧ ಶತಮಾನದಲ್ಲಿ ಅವರ ರಕ್ತದ ಮಾದರಿ, ಕ್ಷಕಿರಣದ ಚಿತ್ರ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋದವು. ನಡೆಯಲಾರದವನಿಗೆ ‘ಆಸ್ಪತ್ರೆಗೆ ಬಾ’ ಎನ್ನುವುದರ ಅಸಂಬದ್ಧತೆ ಮಾತ್ರ ಬೇಗ ಹೊಳೆಯಲಿಲ್ಲ. ಅಂಥವರಿಗೆ ವೈದ್ಯರು ಮನೆಗೆ ಹೋಗಬೇಕು, ಪಿಂಚಣಿ ಮನೆಗೆ ಬರಬೇಕು, ಶೌಚಾಲಯಕ್ಕೆ ಮೆಟ್ಟಿಲ ಬದಲು ಇಳಿಜಾರು ಬೇಕು. ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಹೇಳಿದ ಮಾತು, ಅಂದರೆ ಒಳ್ಳೆಯ ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಎಂಬ ಮಾತು, ವೇಲ್ಸ್ ದೇಶದ ಗಣಿಯೂರಿನಲ್ಲಿ ಹುಟ್ಟಿದ್ದಾದರೂ ಹಂದಿಗೋಡಿಗೆ ಒಂದಕ್ಷರ ತಿದ್ದದೆ ಸಲ್ಲುತ್ತದೆ.

ಈಗ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಒಬ್ಬ ಹೆಣ್ಣುಮಗಳು ಎದೆಯಲ್ಲಿ ಗಂಟು ಇಟ್ಟುಕೊಂಡು ಎಂಟು ತಿಂಗಳ ನಂತರ ಬಂದಳು. ‘ಇಷ್ಟು ದಿನ ಏನು ಮಾಡ್ತಿದ್ದೆ? ಈಗ ಬಂದ್ರೆ ನಾನೇನು ಮಾಡ್ಲಿ?’ ಎಂದು ನಾಲ್ಕು ಜನರ ಮುಂದೆ ಗದರಿದೆ. ಕಾಳಜಿಯಿಂದಲೇ ಗದರಿದ್ದು. ಶಿವಮೊಗ್ಗಕ್ಕೆ ಚೀಟಿ ಬರೆದುಕೊಟ್ಟೆ. ಆಕೆ ಅಲ್ಲಿಗೂ ಹೋಗಲಿಲ್ಲ, ನನ್ನಲ್ಲಿಗೂ ಬರಲಿಲ್ಲ. ಆ ಎಂಟು ತಿಂಗಳಲ್ಲಿ ಆಕೆ ಗಂಡನಿಗೆ ಹೇಳಲು ಧೈರ್ಯ ಕೂಡಿಸಿಕೊಂಡದ್ದು, ಅತ್ತೆಯ ಕಾಯಿಲೆ ನೋಡಿಕೊಂಡದ್ದು, ಮಹಿಳಾ ವೈದ್ಯರು ಇಲ್ಲವೆಂದು ಎರಡು ಸಲ ಗೇಟಿನಿಂದ ಹಿಂದಿರುಗಿದ್ದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಆಶಾ ಕಾರ್ಯಕರ್ತೆಯಿಂದ. ಬಹಳ ಅಡ್ಡಿಗಳನ್ನು ದಾಟಿ ಬಾಗಿಲಿಗೆ ಬಂದವಳಿಗೆ ಕೊನೆಯ ಅಡ್ಡಿ ನಾನಾಗಿದ್ದೆ. ಊರಿನ ನಾಟಿ ವೈದ್ಯರ ಹತ್ತಿರ ಜನ ಏಕೆ ಹೋಗುತ್ತಾರೆ ಎಂದು ನಾವು ಸಿಟ್ಟಾಗುತ್ತೇವೆ. ಅವರು ಬೆಳಿಗ್ಗೆ ಆರಕ್ಕೂ ಸಿಗುತ್ತಾರೆ, ಜಗಲಿಯ ಮೇಲೆ ಕೂರಿಸುತ್ತಾರೆ, ಬೆಲ್ಲ ನೀರು ಕೊಡುತ್ತಾರೆ, ತಡವಾಗಿ ಬಂದದ್ದಕ್ಕೆ ಬೈಯುವುದಿಲ್ಲ. ಅವರ ಬೇರು ನಾರಿನ ಗುಣದ ಬಗ್ಗೆ ನನಗೆ ತಕರಾರುಗಳಿವೆ, ಹಾವು ಕಡಿತಕ್ಕೆ ಅಲ್ಲಿ ಹೋಗಿ ಹೊತ್ತು ಕಳೆಯುವುದು ಜೀವಕ್ಕೇ ಅಪಾಯ. ಆದರೆ ಜಗಲಿಯನ್ನು ಅವರಿಂದ ಕಲಿಯಬಹುದು. ಕಾಫಿ ತೋಟದ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ‘ಎಲ್ಲಿ ನೋವು’ ಎಂಬಷ್ಟನ್ನು ಅವರ ಮಾತಿನಲ್ಲಿ ಕೇಳಬಲ್ಲ ಒಬ್ಬರು ಕೂಡ ನಮ್ಮ ಎಷ್ಟೋ ಕೇಂದ್ರಗಳಲ್ಲಿ ಇಲ್ಲ.

ದಾರಿ ಸುಗಮ ಮಾಡುವವರಲ್ಲಿ ಮೊದಲ ಹೆಸರು ಆಶಾ ಕಾರ್ಯಕರ್ತೆಯದು. 2005ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಸಾವಿರ ಜನಕ್ಕೆ ಒಬ್ಬರೆಂಬುದು ಸಾಮಾನ್ಯ ಲೆಕ್ಕ. ಬಯಲುಸೀಮೆಯಲ್ಲಿ ಸಾವಿರ ಜನ ನಾಲ್ಕು ಬೀದಿಯಲ್ಲಿ ಸಿಗುತ್ತಾರೆ. ಇಲ್ಲಿ ಅಷ್ಟು ಜನರನ್ನು ಕಾಣಲು ಎಷ್ಟು ಗುಡ್ಡ ಇಳಿದು ಹತ್ತಬೇಕೋ ಅವರೇ ಹೇಳಬೇಕು. ಗುಡ್ಡಗಾಡಿಗೆ ಉಪಕೇಂದ್ರ 3,000 ಜನಕ್ಕೆ, ಪ್ರಾಥಮಿಕ ಆರೋಗ್ಯ ಕೇಂದ್ರ 20,000 ಜನಕ್ಕೆ ಎಂಬ ರಿಯಾಯಿತಿ ಇದೆ. ಆದರೂ ಅದು ತಲೆಯೆಣಿಕೆಯೇ. ಕೆಲವು ಗುಡ್ಡಗಾಡು ಜಿಲ್ಲೆಗಳಿಗಾಗಿ ರಾಷ್ಟ್ರೀಯ ಆರೋಗ್ಯ ಅಭಿಯಾನವು ಅರ್ಧ ಗಂಟೆಯ ನಡಿಗೆಯೊಳಗೆ ಉಪಕೇಂದ್ರವಿರಬೇಕು ಎಂಬ ಅಳತೆಯನ್ನೂ ಒಪ್ಪಿಕೊಂಡಿತ್ತು. ಮಲೆನಾಡಿಗೆ ಸರಿಯಾದ ಅಳತೆ ಅದು ಎಂದು ನನ್ನ ಅಭಿಪ್ರಾಯ. ನಡಿಗೆಯನ್ನು ಜುಲೈ ತಿಂಗಳಲ್ಲಿ ಅಳೆಯಬೇಕು ಎಂಬ ಷರತ್ತನ್ನು ಮಾತ್ರ ಸೇರಿಸುತ್ತೇನೆ.

ಸೇವೆಯೇ ರೋಗಿಯತ್ತ ಬಂದರೆ ಏನಾಗುತ್ತದೆ ಎಂಬುದಕ್ಕೆ ಹೃದಯಾಘಾತದ ಚಿಕಿತ್ಸೆ ನೋಡಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರು ಅದನ್ನು ನೋಡಿ ಹೇಳಿದ ಮೇಲೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಘಟ್ಟ ಇಳಿದು ಮಣಿಪಾಲ ಸೇರುವಷ್ಟರಲ್ಲಿ ಕಳೆದುಹೋಗುತ್ತಿದ್ದ ಗಂಟೆಗಳು ಇದರಿಂದ ಉಳಿಯುತ್ತವೆ.

ಚೀಟಿಯ ಮೂಲೆಯಲ್ಲಿ ವಾಪಸ್ ಬಸ್ಸಿನ ಸಮಯ ಬರೆಯುತ್ತಿದ್ದೆವು ಎಂದೆನಲ್ಲ, ಅದನ್ನು ಮುಂದೆ ರಿಜಿಸ್ಟರಿನಲ್ಲೇ ಒಂದು ಕಲಂ ಮಾಡಿದೆವು. ಒಂದು ವರ್ಷದ ನಂತರ ಕೂತು ಓದಿದಾಗ, ಮಧ್ಯಾಹ್ನ ಒಂದೂವರೆಯ ಒಂದು ಬಸ್ಸಿಗೆ ಹೊರಡುವ ಊರಿನವರು ರಕ್ತಪರೀಕ್ಷೆ ಮಾಡಿಸಿಯೇ ಇರಲಿಲ್ಲ ಎಂದು ಕಂಡಿತು. ಪ್ರಯೋಗಾಲಯದ ಹುಡುಗಿ ಅರ್ಧ ಗಂಟೆ ಮೊದಲು ಬರಲು ಒಪ್ಪಿದಳು. ಅವಳೂ ಅದೇ ದಾರಿಯ ಬಸ್ಸಿನಲ್ಲಿ ಬರುವವಳಾದ್ದರಿಂದ ಬಸ್ಸಿನ ಮಾಲೀಕರನ್ನು ಕಂಡು, ಬೆಳಗಿನ ಬಸ್ಸನ್ನು ಇಪ್ಪತ್ತು ನಿಮಿಷ ಮುಂಚೆ ಹೊರಡಿಸಲು ಕೇಳಿಕೊಂಡೆವು. ಅವರು ಶಾಲೆಯ ಮಕ್ಕಳಿಗೆ ತೊಂದರೆಯಾಗುತ್ತದೆಂದು ಮೊದಲು ಒಪ್ಪಲಿಲ್ಲ, ಮಳೆಗಾಲ ಕಳೆದ ಮೇಲೆ ಒಪ್ಪಿದರು. ನನ್ನ ವರ್ಗಾವಣೆಯಾದ ಮೇಲೆ ಬಂದ ಹೊಸ ರಿಜಿಸ್ಟರಿನಲ್ಲಿ ಆ ಕಲಂ ಇರಲಿಲ್ಲ. ಬಸ್ಸು ಮಾತ್ರ ಈಗಲೂ ಆ ಸಮಯಕ್ಕೇ ಹೊರಡುತ್ತದೆ.